ಪಾಸ್ ಕೊಡದ ಹುಡುಗನನ್ನು ಕೂರಿಸಬೇಕಾ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಹತ್ತನೇ ಕ್ಲಾಸಿನ ಹುಡುಗನೊಬ್ಬ ತುಂಬಾ ಚೆನ್ನಾಗಿ ಆಡುತ್ತಾನೆ. ಆದರೆ ಚೆಂಡು ಕೈಗೆ ಸಿಕ್ಕರೆ ಯಾರಿಗೂ ಪಾಸ್ ಕೊಡುವುದಿಲ್ಲ. ತಾಲ್ಲೂಕು ಫೈನಲ್‌ನಲ್ಲಿ ಇನ್ನೊಬ್ಬ ಹುಡುಗ ರಿಂಗ್ ಕೆಳಗೆ ಒಬ್ಬನೇ ನಿಂತು ಕೈ ಎತ್ತಿ ಎತ್ತಿ ಸಾಕಾಗಿ, ಕೊನೆಗೆ ಎತ್ತುವುದನ್ನೇ ಬಿಟ್ಟ. ಪಂದ್ಯ ಗೆದ್ದೆವು. ಮುಂದೆ ಜಿಲ್ಲಾ ಮಟ್ಟ. ಅವನನ್ನು ಬೆಂಚಿನಲ್ಲಿ ಕೂರಿಸೋಣ ಅಂದರೆ ಹೆಡ್‌ಮಾಸ್ಟರಿಗೆ ಕಪ್ ಬೇಕು, ಅವನ ತಂದೆಗೆ ಸೆಲೆಕ್ಷನ್ ಚಿಂತೆ. ಏನು ಮಾಡಲಿ?

ಉತ್ತರ: ಕೂರಿಸಿ ಸರ್. ಆದರೆ ಪೂರ್ತಿ ಪಂದ್ಯ ಬೇಡ. ಹೇಳದೆ ಕೇಳದೆಯೂ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಕೈ ಎತ್ತುವುದನ್ನು ಬಿಟ್ಟ ಹುಡುಗ. ಅವನು ಇನ್ನೊಂದೆರಡು ಪಂದ್ಯ ಆದಮೇಲೆ ಡಿಫೆನ್ಸ್‌ಗೆ ಓಡುವುದನ್ನೂ ಬಿಡುತ್ತಾನೆ, ಆಮೇಲೆ ಪ್ರಾಕ್ಟೀಸಿಗೇ ಬರುವುದಿಲ್ಲ. ಅವನಿಗೂ ನೀವೇ ಮೇಷ್ಟ್ರು.

ಹಾಗಂತ ಚೆನ್ನಾಗಿ ಆಡುವವನ ಮೇಲೆ ಸಿಟ್ಟು ಬೇಡ. ಪ್ರಾರ್ಥನೆ ಹೊತ್ತಿನಲ್ಲಿ ಮೈಕಿನಲ್ಲಿ ಹೆಸರು ಕೂಗುವುದು ಪಾಯಿಂಟ್ ಹೊಡೆದವರದ್ದು ತಾನೇ? ಮನೆಯಲ್ಲಿ ಕ್ರೀಡಾ ಕೋಟಾ ಸೀಟಿನ ಮಾತು ನಡೆಯುತ್ತಿರಬಹುದು. ನಾವು ಎಣಿಸಿದ್ದನ್ನೇ ಅವನೂ ಎಣಿಸುತ್ತಿದ್ದಾನೆ. ಅದಕ್ಕೇ ಈ ವಾರದಿಂದ ಸ್ಕೋರ್ ಬುಕ್ಕಿನಲ್ಲಿ ಅಸಿಸ್ಟ್‌ಗೂ, ಅಂದರೆ ಇನ್ನೊಬ್ಬ ಪಾಯಿಂಟ್ ಹೊಡೆಯಲು ದಾರಿಯಾದ ಪಾಸ್‌ಗೂ, ಒಂದು ಕಾಲಂ ಹಾಕಿ, ಪ್ರಾಕ್ಟೀಸ್ ಮುಗಿದಮೇಲೆ ಎಲ್ಲರ ಮುಂದೆ ಓದಿ. ಖಾಲಿ ನಿಂತವನಿಗೆ ಪಾಸ್ ಕೊಡದಿದ್ದರೆ ಯಾರೇ ಆಗಲಿ ಹೊರಗೆ ಕೂರಬೇಕು ಅಂತ ಮೊದಲೇ ಇಡೀ ತಂಡಕ್ಕೆ ಹೇಳಿಬಿಡಿ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೊರಗೆ ಬಂದವನು ಎಷ್ಟು ಸಲ ಬೇಕಾದರೂ ಒಳಗೆ ಹೋಗಬಹುದು. ನಿಮಗೆ ಇದೇ ದೊಡ್ಡ ಅನುಕೂಲ. ಎರಡು ನಿಮಿಷ ಕರೆದು ಪಕ್ಕದಲ್ಲೇ ಕೂರಿಸಿಕೊಳ್ಳಿ. ಬೈಯಬೇಡಿ. ‘ಈಗ ಯಾರು ಖಾಲಿ ಇದ್ದಾನೆ ನೋಡು’ ಅಂತ ಕೇಳಿ. ಸರಿಯಾಗಿ ಹೇಳಿದನಾ, ಮತ್ತೆ ಕಳಿಸಿ. ಒಂದು ಎಚ್ಚರ: ಶಾಟ್ ಹೊಡೆಯಲು ತಂಡಕ್ಕೆ ಸಿಗುವ 24 ಸೆಕೆಂಡ್ ಮುಗಿಯುತ್ತಾ ಬಂದಾಗ ಒಬ್ಬನೇ ನುಗ್ಗಿದರೆ ಅದು ಸ್ವಾರ್ಥ ಅಲ್ಲ. ಅದಕ್ಕೆ ಕೂರಿಸಿದರೆ ನಿಮ್ಮ ಮಾತಿನ ಮೇಲೆ ಅವನಿಗೆ ನಂಬಿಕೆ ಹೋಗುತ್ತೆ.

1994ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್‌ನಲ್ಲಿ ಶಿಕಾಗೊ ಬುಲ್ಸ್‌ಗೂ ನ್ಯೂಯಾರ್ಕ್ ನಿಕ್ಸ್‌ಗೂ ಪಂದ್ಯ. ಸ್ಕೋರ್ ಸಮ, ಉಳಿದದ್ದು 1.8 ಸೆಕೆಂಡ್. ಕೋಚ್ ಫಿಲ್ ಜಾಕ್ಸನ್ ಕೊನೆಯ ಶಾಟನ್ನು ಟೋನಿ ಕುಕೋಚ್‌ಗೆ ಕೊಟ್ಟರು. ತಂಡದ ಸ್ಟಾರ್ ಸ್ಕಾಟಿ ಪಿಪ್ಪೆನ್ ಮುನಿಸಿಕೊಂಡು ಅಂಗಳಕ್ಕೇ ಇಳಿಯಲಿಲ್ಲ. ಕುಕೋಚ್ ಹಾಕಿದ ಚೆಂಡು ಒಳಗೆ ಬಿತ್ತು, ಬುಲ್ಸ್ ಗೆದ್ದಿತು. ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಜಾಕ್ಸನ್ ಕೂಗಾಡಲಿಲ್ಲ, ಮಾತನ್ನು ಆಟಗಾರರಿಗೇ ಬಿಟ್ಟರು. ಹಿರಿಯ ಆಟಗಾರ ಬಿಲ್ ಕಾರ್ಟ್‌ರೈಟ್ ಕಣ್ಣೀರು ಹಾಕಿಕೊಂಡು ತಮಗಾದ ನೋವು ಹೇಳಿದರು. ಪಿಪ್ಪೆನ್ ಕ್ಷಮೆ ಕೇಳಿದರು, ಮುಂದಿನ ಪಂದ್ಯದಲ್ಲಿ ಆಡಿದರು. ಅದೇ ಪಿಪ್ಪೆನ್, ಅದೇ ಕುಕೋಚ್ 1996ರಿಂದ 98ರವರೆಗೆ ಮೂರು ಸಲ ಒಟ್ಟಿಗೆ ಚಾಂಪಿಯನ್ ಆದರು. ನಿಮ್ಮಲ್ಲೂ ಆ ರಿಂಗ್ ಕೆಳಗಿನ ಹುಡುಗ ಒಮ್ಮೆ ಬಾಯಿ ಬಿಟ್ಟು ಮಾತಾಡಲಿ. ಮೇಷ್ಟ್ರು ನೂರು ಸಲ ಹೇಳುವುದಕ್ಕಿಂತ ಗೆಳೆಯನ ಒಂದು ಮಾತು ಬೇಗ ತಟ್ಟುತ್ತೆ.

ತಂದೆಯನ್ನು ಪಂದ್ಯದ ದಿನ ಎದುರಿಸಬೇಡಿ, ಮೊದಲೇ ಕರೆದು ಮಾತಾಡಿ. ದೊಡ್ಡ ತಂಡಕ್ಕೆ ಹೋದರೆ ಅಲ್ಲಿ ಐದೂ ಜನ ಇವನಷ್ಟೇ ಚೆನ್ನಾಗಿ ಆಡುವವರು, ಪಾಸ್ ಕೊಡಲು ಬಾರದವನಿಗೆ ಅಲ್ಲಿ ಜಾಗ ಸಿಗುವುದು ಕಷ್ಟ ಅಂತ ನೇರವಾಗಿ ಹೇಳಿ. ಹೆಡ್‌ಮಾಸ್ಟರಿಗೂ ಈಗಲೇ ತಿಳಿಸಿ, ಆ ಎರಡು ನಿಮಿಷಕ್ಕೆ ಪಂದ್ಯ ಕೈತಪ್ಪಿದರೂ ತಪ್ಪಬಹುದು ಅಂತ.