ದಾವಣಗೆರೆಯ ಹಳೆ ಬಡಾವಣೆಗಳಲ್ಲಿ ಮನೆ ಹಿಂದೆ ಸಣ್ಣ ಗಲ್ಲಿ ಯಾಕೆ? ಸೇರಿಸಿಕೊಂಡು ಕಟ್ಟಬಹುದಾ?

ಅದು ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಹಿತ್ತಲ ಕೊನೆಯಲ್ಲಿರುತ್ತಿತ್ತು; ಹಿಂಗೋಡೆಯ ಕಿಂಡಿಯಿಂದ ಮಲ ತೆಗೆಯುತ್ತಿದ್ದರು. ಅಂದರೆ ಅಚ್ಚುಕಟ್ಟಾದ ಆ ನಕ್ಷೆ ನಿಂತಿದ್ದೇ ಮಲ ಹೊರುವ ಜನರ ದುಡಿಮೆಯ ಮೇಲೆ. 1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲೂ ಇದೇ ಏರ್ಪಾಡು: ಅಗಲ ರಸ್ತೆ, ಚೌಕ ಬ್ಲಾಕು, ಬೆನ್ನಿಗೆ ಬೆನ್ನು ಕೊಟ್ಟ ಮನೆಗಳ ನಡುವೆ ಗಲ್ಲಿ.

ಸೇರಿಸಿಕೊಳ್ಳುವಂತಿಲ್ಲ, ಅದು ಸಾರ್ವಜನಿಕ ಜಾಗ. ಯುಜಿಡಿ (ಒಳಚರಂಡಿ) ಪೈಪು, ಅದನ್ನು ಶುಚಿಮಾಡಲು ತೆರೆಯುವ ಛೇಂಬರು ಎಷ್ಟೋ ಕಡೆ ಅಲ್ಲೇ ಇವೆ. ಮೇಲೆ ಬಚ್ಚಲು ಕಟ್ಟಿದರೆ ಛೇಂಬರ್ ಮುಚ್ಚಳ ತೆರೆಯಲಾಗದು, ಸಲಾಕೆ ಹಾಕಲಾಗದು. ಕಟ್ಟಿಕೊಂಡ ನೀರು ಮೊದಲು ನುಗ್ಗುವುದು ತಗ್ಗಿನಲ್ಲಿರುವ ಮನೆಗೆ. ಕಟ್ಟಿದವರಿಗೇ ಆಗಬೇಕೆಂದಿಲ್ಲ!

ನಿಮ್ಮ ಜಾಗದ ಅಳತೆಯನ್ನು ಕ್ರಯಪತ್ರದ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ನೋಡಿ, ಮುಂದಿನ ರಸ್ತೆ ಅಂಚಿನಿಂದ ಹಿಡಿಯಿರಿ. ಹಿಂಗೋಡೆ ಯಾವತ್ತೋ ಹಿಂದೆ, ಗಲ್ಲಿಯೊಳಕ್ಕೆ ಸರಿದಿರಬಹುದು.