ಕಲಾ ಶಾಲೆಯ ಗ್ಯಾಲರಿ ಬಾಗಿಲು ಹಾಕಿದ್ದಾಗ ಒಳಗೆ ಏನು ನಡೆಯುತ್ತದೆ?

ನೀವು ಕೇಳಿದ್ದು ಇಷ್ಟು: ವಿಶ್ವವಿದ್ಯಾಲಯದ ಕಲಾ ಶಾಲೆಗೆ ಸೇರಿ ಒಂದು ವರ್ಷವಾಯಿತು, ಶಾಲೆಯ ಗ್ಯಾಲರಿ ಯಾವಾಗ ನೋಡಿದರೂ ಮುಚ್ಚಿರುತ್ತದೆ, ತೆರೆದಿದ್ದಾಗ ಹೊರಗಿನವರ ಕೆಲಸವೇ ಜಾಸ್ತಿ. ವರ್ಷದ ಪ್ರದರ್ಶನಗಳನ್ನು ಹೇಗೆ ತೀರ್ಮಾನಿಸುತ್ತಾರೆ, ಇದರಿಂದ ವಿದ್ಯಾರ್ಥಿಗೆ ಏನು ಸಿಗುತ್ತದೆ?

ನಾನು ಇಂಥದ್ದೇ ಒಂದು ಗ್ಯಾಲರಿಯಲ್ಲಿ ಕೆಲಸ ಮಾಡುತ್ತೇನೆ. ಕಲಾಕೃತಿ ತೂಗುಹಾಕುವುದು, ಇಳಿಸುವುದು, ಗೋಡೆ ರಿಪೇರಿ, ಲೈಟು. ಯಾವ ಶೋ ಬೇಕು, ಯಾವುದು ಬೇಡ ಅನ್ನುವುದನ್ನು ಮೀಟಿಂಗ್‌ನಲ್ಲಿ ಮೇಷ್ಟ್ರುಗಳೂ, ಪ್ರದರ್ಶನ ರೂಪಿಸುವ ಕ್ಯುರೇಟರೂ ಸೇರಿ ತೀರ್ಮಾನಿಸುತ್ತಾರೆ. ನಾನು ಮೂಲೆಯಲ್ಲಿ ಕೂತು, ಇದಕ್ಕೆ ಎಷ್ಟು ದಿನ ಬೇಕು ಅಂತ ಲೆಕ್ಕ ಹೇಳುತ್ತೇನೆ. ಹಾಗಾಗಿ ಇದು ಏಣಿ ಹತ್ತುವವನ ಉತ್ತರ.

ವರ್ಷದ ಪಟ್ಟಿ ಶುರುವಾಗುವುದು ಕೊನೆಯಿಂದ. ಮೊದಲು ಗಟ್ಟಿಯಾಗುವುದು ಫೈನಲ್ ಇಯರ್‌ನವರ ಪದವಿ ಪ್ರದರ್ಶನ. ಅದು ಪರೀಕ್ಷೆಯೂ ಹೌದು. ಪರೀಕ್ಷಕರು ಗ್ಯಾಲರಿಗೇ ಬಂದು ನೋಡುತ್ತಾರೆ, ಆ ತಾರೀಕನ್ನು ಯಾರೂ ಅಲ್ಲಾಡಿಸುವಂತಿಲ್ಲ. ಓದುವವರು ಜಾಸ್ತಿ ಇದ್ದರೆ ಎರಡು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೆರಡು ವಾರ ಕೊಡುತ್ತಾರೆ. ಯಾರಿಗೆ ಯಾವ ಗೋಡೆ ಅನ್ನುವುದರ ಮೇಲೆ ಗೆಳೆತನಗಳೇ ಮುರಿದು ಬೀಳುವುದನ್ನು ನೋಡಿದ್ದೇನೆ. ಚೀಟಿ ಎತ್ತಿಸುವುದೇ ವಾಸಿ.

ಉಳಿದ ತಿಂಗಳುಗಳಲ್ಲಿ ಬೇರೆಯವನ್ನು ತುಂಬುತ್ತಾರೆ. ವರ್ಷದ ಆರಂಭದಲ್ಲಿ ಸಾಮಾನ್ಯವಾಗಿ ಅಧ್ಯಾಪಕರ ಪ್ರದರ್ಶನ. ಕೃತಿಗಳು ಕೈಗೆ ಸಿಗುವಷ್ಟು ಹತ್ತಿರ ಇರುತ್ತವೆ, ಸಾಗಣೆ ಖರ್ಚು ಇಲ್ಲ, ಹೊಸದಾಗಿ ಸೇರಿದವರಿಗೂ ತಮ್ಮ ಮೇಷ್ಟ್ರು ಏನು ಮಾಡುತ್ತಾರೆ ಅಂತ ಗೊತ್ತಾಗುತ್ತದೆ. ನನ್ನ ಕೇಳಿದರೆ ಅದೇ ವರ್ಷದ ಸಪ್ಪೆ ಶೋ. ಯಾರ ಕೆಲಸವನ್ನೂ ಬೇಡ ಅನ್ನುವ ಧೈರ್ಯ ಯಾರಿಗೂ ಇರುವುದಿಲ್ಲ ನೋಡಿ. ಇನ್ನೊಂದು ಕಡೆ ಶಾಲೆಯ ಸಂಗ್ರಹದಿಂದ ತೆಗೆದ ಹಳೆಯ ಪ್ರಿಂಟ್‌ಗಳು, ಡ್ರಾಯಿಂಗ್‌ಗಳು. ಮತ್ತೊಂದು ಕಡೆ ಸಾಮಾನ್ಯವಾಗಿ ಎಲ್ಲ ತರಗತಿಯವರೂ ಕೆಲಸ ಕೊಡಬಹುದಾದ, ಹೊರಗಿನ ತೀರ್ಪುಗಾರರು ಆರಿಸುವ ವಿದ್ಯಾರ್ಥಿ ಪ್ರದರ್ಶನ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ದೂರು ಇರುವುದು ಹೊರಗಿನವರ ಶೋ ಬಗ್ಗೆ, ಅಲ್ವಾ? ಅದರ ಸಿದ್ಧತೆ ಒಂದೆರಡು ವರ್ಷ ಮೊದಲೇ ಶುರುವಾಗಿರುತ್ತದೆ. ಕೃತಿ ಕೊಡುವವರ ಜೊತೆ ಒಪ್ಪಂದ ಆಗಬೇಕು. ಅವರ ಗೋಡೆಯಿಂದ ಇಳಿದ ಗಳಿಗೆಯಿಂದ ಮತ್ತೆ ಅದೇ ಗೋಡೆಗೆ ಏರುವವರೆಗೆ ವಿಮೆ ಇರಬೇಕು. ಪೆಟ್ಟಿಗೆ ಬಂದ ತಕ್ಷಣ ಬಿಚ್ಚುವಂತಿಲ್ಲ. ಒಳಗಿನ ವಸ್ತು ನಮ್ಮ ಕೋಣೆಯ ಬಿಸಿ, ತೇವಕ್ಕೆ ಹೊಂದಿಕೊಳ್ಳಲಿ ಅಂತ 24 ಗಂಟೆ ಸುಮ್ನೆ ಇಡುತ್ತೇವೆ. ಆಮೇಲೆ ತೆಗೆದು, ಒಂದೊಂದು ಗೀರು, ಕಲೆ, ಬಿರುಕನ್ನೂ ಫೋಟೊ ತೆಗೆದು ಬರೆದಿಡುತ್ತೇವೆ. ವಾಪಸ್ ಕಳಿಸುವಾಗ ಅದೇ ಕಾಗದ ಹಿಡಿದು ಮತ್ತೆ ನೋಡುತ್ತೇವೆ. ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಅದೇ ನಾಲ್ಕಾರು ಮೇಷ್ಟ್ರ ಕಣ್ಣಿನಲ್ಲೇ ವರ್ಷಗಟ್ಟಲೆ ನಿಮ್ಮ ಕೆಲಸ ತೂಗುತ್ತಾ ಇರುತ್ತದೆ. ಬೇರೆ ರುಚಿ ಇರುವ ಒಬ್ಬರಾದರೂ ಒಳಗೆ ಬರಬೇಕು.

ಕಲಾವಿದ ಬಾರದೇ ಹೋದರೂ ಇದು ನಡೆಯುತ್ತದೆ. 1971ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿರುವ ನೋವಾ ಸ್ಕಾಟಿಯಾ ಕಲಾ ಕಾಲೇಜು ತನ್ನ ಮೆಜನೀನ್ ಗ್ಯಾಲರಿಯಲ್ಲಿ ಅಮೆರಿಕದ ಕಲಾವಿದ ಜಾನ್ ಬಾಲ್ಡೆಸಾರಿ ಅವರ ಪ್ರದರ್ಶನ ಮಾಡಿತು. ಅವರನ್ನು ಕ್ಯಾಲಿಫೋರ್ನಿಯಾದಿಂದ ಕರೆಸಲು ದುಡ್ಡಿರಲಿಲ್ಲ. ಅವರು ಒಂದು ಸೂಚನೆ ಕಳಿಸಿದರು: ಇಷ್ಟವಿದ್ದ ವಿದ್ಯಾರ್ಥಿಗಳು ಬಂದು, ಇನ್ನು ಮೇಲೆ ಬೇಜಾರಿನ ಕಲೆ ಮಾಡುವುದಿಲ್ಲ ಅಂತ ಗೋಡೆ ಮೇಲೆ ಮತ್ತೆ ಮತ್ತೆ ಬರೆಯಲಿ. ತರಗತಿಯಲ್ಲಿ ತಪ್ಪು ಮಾಡಿದವರಿಗೆ ಇಂಪೊಸಿಷನ್ ಕೊಡುತ್ತಾರಲ್ಲ, ಹಾಗೆ. ವಿದ್ಯಾರ್ಥಿಗಳು ಗೋಡೆ ತುಂಬಾ ಬರೆದರು. ಅದೇ ವಾಕ್ಯವನ್ನು ಬಾಲ್ಡೆಸಾರಿ ಅವರ ಕೈಬರಹದಲ್ಲಿ ಕಾಲೇಜಿನ ಲಿಥೊಗ್ರಫಿ (ಕಲ್ಲಚ್ಚು) ವರ್ಕ್‌ಶಾಪ್ ಪ್ರಿಂಟ್ ಮಾಡಿತು. ಆ ಪ್ರಿಂಟ್ ಇವತ್ತು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿದೆ. ಅಲ್ಲಿ ಶೋ ಹೊರಗಿನವರದ್ದು, ಗೋಡೆ ಮೇಲಿನ ಕೈಗಳು ಮಾತ್ರ ಪೂರ್ತಿ ವಿದ್ಯಾರ್ಥಿಗಳದ್ದು.

ಈಗ ಮುಚ್ಚಿದ ಬಾಗಿಲಿನ ವಿಷಯ. ವರ್ಷಕ್ಕೆ ಆರು ಶೋ, ಒಂದೊಂದರ ಮುಂಚೆ ಹತ್ತು ದಿನ ತಯಾರಿ ಅಂತ ಇಟ್ಟುಕೊಳ್ಳಿ. ಎರಡು ತಿಂಗಳು ಅಲ್ಲೇ ಹೋಯಿತು. ರಜೆಗಳು ಬೇರೆ. ಆ ಹತ್ತು ದಿನದಲ್ಲಿ ಹಳೆಯದನ್ನು ಇಳಿಸಿ ಪ್ಯಾಕ್ ಮಾಡಬೇಕು. ಮೊಳೆ ಕಿತ್ತ ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಬಣ್ಣ ಹೊಡೆಯಬೇಕು. ಬಣ್ಣ ಕೈಗೆ ಒಣಗಿದ ಹಾಗೆ ಕಂಡರೂ ಕೆಲವು ದಿನ ಆವಿ ಬಿಡುತ್ತಲೇ ಇರುತ್ತದೆ. ಕಾಗದ, ಲೋಹದ ಕೆಲಸಗಳಿಗೆ ಅದು ಒಳ್ಳೆಯದಲ್ಲ. ಅದಕ್ಕೇ ಬಾಗಿಲು ಹಾಕಿ, ಗಾಳಿ ಆಡಲು ಬಿಟ್ಟು ಕಾಯುತ್ತೇವೆ.

ಆಮೇಲೆ ನನಗೆ ತುಂಬಾ ಇಷ್ಟವಾದ ದಿನ ಬರುತ್ತದೆ. ಕೃತಿಗಳನ್ನೆಲ್ಲ ನೆಲದ ಮೇಲೆ, ಫೋಮ್ ತುಂಡುಗಳ ಮೇಲೆ ಗೋಡೆಗೆ ಒರಗಿಸಿ ಇಡುತ್ತೇವೆ. ಕ್ಯುರೇಟರ್ ಅತ್ತಿಂದಿತ್ತ ಓಡಾಡುತ್ತಾರೆ. ಇದನ್ನು ಅಲ್ಲಿಡಿ, ಬೇಡ, ವಾಪಸ್ ತನ್ನಿ. ಎರಡು ಚಿತ್ರ ಅಕ್ಕಪಕ್ಕ ಬಂದಾಗ ಒಂದು ಸತ್ತೇ ಹೋಗುತ್ತದೆ, ಜಾಗ ಬದಲಿಸಿದರೆ ಎರಡೂ ಎದ್ದು ಕೂರುತ್ತವೆ. ಇದನ್ನು ಯಾವ ಲೆಕ್ಚರ್‌ನಲ್ಲೂ ಹೇಳಿಕೊಡಲು ಆಗುವುದಿಲ್ಲ. ನಿಂತು ನೋಡಿಯೇ ಕಲಿಯಬೇಕು.

ಎತ್ತರದ ಲೆಕ್ಕ ಮಾತ್ರ ಹೇಳಿಕೊಡಬಹುದು. ಚಿತ್ರದ ನಡುಭಾಗ ನೆಲದಿಂದ 57 ರಿಂದ 60 ಇಂಚು ಎತ್ತರದಲ್ಲಿರಲಿ, ನಿಂತವರ ಕಣ್ಣಿನ ಮಟ್ಟ ಸುಮಾರಾಗಿ ಅದೇ. 57 ಅಂತ ತೆಗೆದುಕೊಂಡರೆ, ಅದಕ್ಕೆ ಚಿತ್ರದ ಅರ್ಧ ಎತ್ತರ ಕೂಡಿಸಿ, ಫ್ರೇಮಿನ ಹಿಂದೆ ತೂಗುಹಾಕಲು ಕಟ್ಟಿದ ತಂತಿಯನ್ನು ಎಳೆದು ಹಿಡಿದು, ಅಲ್ಲಿಂದ ಫ್ರೇಮಿನ ಮೇಲಂಚಿಗೆ ಇರುವ ದೂರ ಕಳೆಯಿರಿ. 40 ಇಂಚು ಎತ್ತರದ ಚಿತ್ರ, ತಂತಿ 4 ಇಂಚು ಕೆಳಗಿದೆ ಅಂದರೆ 57 ಕೂಡಿಸು 20, ಕಳೆ 4, ಅಂದರೆ 73. ಮೊಳೆಯ ಜಾಗ ಅದು. ಚಿತ್ರ ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲದರ ನಡು ಒಂದೇ ಗೆರೆಗೆ ಬರುತ್ತದೆ. ಮೇಲಂಚು ಸಮ ಮಾಡಲು ಹೋದರೆ ಗೋಡೆ ವಕ್ರವಾಗಿ ಕಾಣುತ್ತದೆ, ಹೊಸಬರು ಮೊದಲು ಮಾಡುವುದೇ ಅದನ್ನು.

ಸಂಗ್ರಹದ ಪ್ರಿಂಟ್‌ಗಳಿರುವ ಕೋಣೆ ಯಾಕಷ್ಟು ಕತ್ತಲೆ ಅಂತಲೂ ತುಂಬಾ ಜನ ಬೈಯುತ್ತಾರೆ. ಕಾಗದ, ಜಲವರ್ಣ, ಬಟ್ಟೆಯ ಕೆಲಸಗಳಿಗೆ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದು ಅನ್ನುವುದು ಬಹುತೇಕ ಎಲ್ಲರೂ ಪಾಲಿಸುವ ಲೆಕ್ಕ. ತೈಲವರ್ಣಕ್ಕಾದರೆ ಸುಮಾರು 200. ಬೆಳಕಿನಿಂದ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಬಾಗಿಲ ಬಳಿ ಎರಡು ನಿಮಿಷ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ.

ಅಂದರೆ ವಿದ್ಯಾರ್ಥಿಗೆ ಗ್ಯಾಲರಿಯಿಂದ ಜಾಸ್ತಿ ಸಿಗುವುದು ಅದು ಮುಚ್ಚಿರುವ ದಿನಗಳಲ್ಲಿ. ಉದ್ಘಾಟನೆಯ ಸಂಜೆ ಗುಂಪಿನಲ್ಲಿ ನಿಂತು ನೋಡಿದ್ದಕ್ಕಿಂತ, ಒಂದು ಮಧ್ಯಾಹ್ನ ಏಣಿ ಹಿಡಿದು ನಿಂತಿದ್ದು ಜಾಸ್ತಿ ಕಲಿಸುತ್ತದೆ. ಗ್ಯಾಲರಿಯವರಿಗೆ ಕೈಗಳ ಕೊರತೆ ಯಾವಾಗಲೂ ಇರುತ್ತದೆ. ಶೋ ಮುಗಿಯುವ ವಾರ ಹೋಗಿ, ಇಳಿಸಲು ಬರಲಾ ಅಂತ ಕೇಳಿ. ಹಾಕುವಾಗ ಎಲ್ಲರೂ ಬರುತ್ತಾರೆ, ಇಳಿಸುವಾಗ ಯಾರೂ ಇರುವುದಿಲ್ಲ, ಹಾಗಾಗಿ ಬೇಡ ಅನ್ನುವ ಸಂಭವ ಕಡಿಮೆ. ದೊಡ್ಡವರ ಕೃತಿಯ ಹಿಂಭಾಗ ನೋಡಲು ಸಿಗುವುದೂ ಆಗಲೇ: ಕ್ಯಾನ್ವಾಸ್ ಹೇಗೆ ಬಿಗಿದಿದ್ದಾರೆ, ಎಲ್ಲಿ ತೇಪೆ ಹಾಕಿದ್ದಾರೆ, ಎಲ್ಲ.

ಇಷ್ಟಾದರೂ ಗೋಡೆ ಸಿಗಲಿಲ್ಲವೇ? ಗ್ಯಾಲರಿಯನ್ನೇ ಕಾಯಬೇಕಿಲ್ಲ. 1988ರಲ್ಲಿ ಲಂಡನ್‌ನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಕಲಾ ವಿದ್ಯಾರ್ಥಿ ಡೇಮಿಯನ್ ಹರ್ಸ್ಟ್ ಮತ್ತು ಜೊತೆಯವರು ಬಂದರು ಪ್ರದೇಶದ ಖಾಲಿ ಕಟ್ಟಡವೊಂದನ್ನು ಹಿಡಿದು ತಾವೇ ಪ್ರದರ್ಶನ ಮಾಡಿದರು. ಪ್ರಾಯೋಜಕರನ್ನು ಹುಡುಕಿದ್ದು, ಕ್ಯಾಟಲಾಗ್ ಮಾಡಿಸಿದ್ದು ಎಲ್ಲ ಅವರೇ.

ಇನ್ನು ಆ ತೀರ್ಪುಗಾರರ ವಿದ್ಯಾರ್ಥಿ ಪ್ರದರ್ಶನ. ಅದಕ್ಕೆ ಮೊದಲ ವರ್ಷದವರೂ ಕೆಲಸ ಕೊಡಬಹುದಾ ಅಂತ ನಿಮ್ಮ ಶಾಲೆಯಲ್ಲಿ ವಿಚಾರಿಸಿ. ಕೊಡುವಾಗ ಫ್ರೇಮಿನ ಹಿಂದೆ ಡಿ-ರಿಂಗ್ (ತಂತಿ ಕಟ್ಟುವ D ಆಕಾರದ ಬಳೆ) ಹಾಕಿ, ತಂತಿ ಕಟ್ಟಿ, ಹಿಂದೆ ಹೆಸರು, ಅಳತೆ, ಮಾಧ್ಯಮ, ಯಾವ ಕಡೆ ಮೇಲೆ ಅಂತ ಬರೆದು ಕೊಡಿ. ತೀರ್ಪುಗಾರರು ಆರಿಸಿದ ಮೇಲೂ ಬಣ್ಣ ಇನ್ನೂ ಹಸಿ ಇದೆ ಅಂತ, ತೂಗುಹಾಕಲು ಹಿಂದೆ ಏನೂ ಇಲ್ಲ ಅಂತ ಕೆಲಸಗಳು ಸ್ಟೋರ್ ರೂಮಿನಲ್ಲೇ ಉಳಿಯುತ್ತವೆ. ಚಿತ್ರಕ್ಕೆ ಎರಡು ವಾರ ಕೊಟ್ಟವರು ತಂತಿಗೆ ಹತ್ತು ನಿಮಿಷ ಕೊಡಬಹುದು.