ಸಹಿ ಹಾಕಿದ ಮಾತ್ರಕ್ಕೆ ಒಪ್ಪಿಗೆಯೇ?

ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಯುರೋಪಿನ ರೋಮಾ ಜನರ ಬಗ್ಗೆ ಹೋದ ಸಂಚಿಕೆಯ ಲೇಖನ ಓದಿದೆ. ಜೆಕ್ ದೇಶದಲ್ಲಿ ಅವರ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗೆ ಸೇರಿಸಿದರು ಎಂದಿದ್ದೀರಿ. ಆದರೆ ತಂದೆ ತಾಯಿಯೇ ಸಹಿ ಹಾಕಿದ್ದರಂತಲ್ಲ? ತಾರತಮ್ಯ ಎಲ್ಲಿ ಬಂತು? ಇನ್ನೊಂದು, ಅವರು ನಮ್ಮ ಲಂಬಾಣಿಗಳ ಕಡೆಯವರೇ ಅಲ್ವಾ? ಭಾರತ ಸುಮ್ನೆ ಕೂತಿರುವುದೇಕೆ?’

ಮೇಷ್ಟ್ರೇ, ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ರೋಮಾ ಜನರ ಹಿರಿಯರು ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟವರು. ಅವರ ಭಾಷೆಯೇ ಅದನ್ನು ಹೇಳುತ್ತದೆ. ಆದರೆ ಅವರೂ ಲಂಬಾಣಿಗಳೂ ಒಂದೇ ಎನ್ನಲು ಗಟ್ಟಿ ಪುರಾವೆ ಇಲ್ಲ. ಲಂಗ, ಕನ್ನಡಿ ಚೂರು ನೋಡಿ ನೆಂಟಸ್ತನ ಹೇಳಲಾಗದು. ನನಗೆ ಹೆಚ್ಚು ಕಿರಿಕಿರಿ ಮಾಡುವುದು ಬೇರೆ ಸಂಗತಿ. ಯುರೋಪಿನಲ್ಲಿ ರೋಮಾ ಜನರನ್ನು ಬಯ್ಯುವವರು ‘ಇಂಡಿಯಾಕ್ಕೆ ಹೋಗಿ’ ಅನ್ನುತ್ತಾರೆ. ನಾವು ಇಲ್ಲಿಂದ ‘ಅವರು ನಮ್ಮವರು’ ಎಂದು ಅಭಿಮಾನಪಟ್ಟರೆ ಆ ಬೈಗುಳಕ್ಕೇ ಬಲ ಬರುತ್ತದೆ. ಅವರು ಕೇಳುತ್ತಿರುವುದು ಹುಟ್ಟಿದ ಊರಿನ ಶಾಲೆಯಲ್ಲಿ ಎಲ್ಲರ ಜೊತೆ ಒಂದು ಜಾಗ, ಅಷ್ಟೇ.

ಈಗ ಸಹಿಯ ವಿಷಯ. ಊರು ಜೆಕ್ ದೇಶದ ಓಸ್ತ್ರಾವಾ, ಕಲ್ಲಿದ್ದಲು ಮತ್ತು ಉಕ್ಕಿಗೆ ಹೆಸರಾಗಿದ್ದ ಪಟ್ಟಣ. ಜೆಕ್ ನೆಲದ ಹಳೆಯ ರೋಮಾ ಜನರಲ್ಲಿ ಬಹುಪಾಲು ಮಂದಿಯನ್ನು ನಾಜಿಗಳು ಕೊಂದರು. ಈಗಿರುವವರಲ್ಲಿ ಹೆಚ್ಚಿನವರು ಯುದ್ಧದ ನಂತರ ಸ್ಲೊವಾಕಿಯಾದಿಂದ ಕೂಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು. ಅಲೆಮಾರಿಗಳಲ್ಲ, ಮನೆ ಮಾಡಿಕೊಂಡು ನೆಲೆ ನಿಂತವರು.

1999ರಲ್ಲಿ ಅಲ್ಲಿ ಒಂದು ಲೆಕ್ಕ ತೆಗೆದರು. ಬುದ್ಧಿಮಾಂದ್ಯರಿಗೆಂದು ಇದ್ದ 8 ‘ವಿಶೇಷ ಶಾಲೆ’ಗಳ ಮತ್ತು 69 ಸಾಮಾನ್ಯ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಪ್ರಶ್ನೆಪಟ್ಟಿ ಕಳಿಸಿದರು. ಊರಿನ ಶಾಲಾಮಕ್ಕಳಲ್ಲಿ ರೋಮಾ ಮಕ್ಕಳ ಪಾಲು ತೀರಾ ಸಣ್ಣದು. ಆದರೂ ವಿಶೇಷ ಶಾಲೆಗಳ 1,360 ಮಕ್ಕಳಲ್ಲಿ 762 ಮಂದಿ ಅವರೇ, ಅರ್ಧಕ್ಕಿಂತ ಜಾಸ್ತಿ. ಬೇರೆ ಮಕ್ಕಳಿಗೆ ಹೋಲಿಸಿದರೆ ರೋಮಾ ಮಗು ಅಲ್ಲಿಗೆ ಸೇರುವ ಸಾಧ್ಯತೆ 27 ಪಟ್ಟು. ಊರಿನ ರೋಮಾ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅಲ್ಲೇ ಇದ್ದರು. ಒಂದು ಜನಾಂಗದ ಅರ್ಧದಷ್ಟು ಮಕ್ಕಳಿಗೆ ಬುದ್ಧಿ ಕಡಿಮೆ ಎಂದರೆ ನೀವು ನಂಬುತ್ತೀರಾ?

ಸೇರಿಸುವ ಮುಂಚೆ ಬುದ್ಧಿ ಪರೀಕ್ಷೆ ಇತ್ತು. ಅದು ಜೆಕ್ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ನಮ್ಮ ಮಕ್ಕಳ ಭಾಷೆ, ಬದುಕು ಅದರ ಲೆಕ್ಕಕ್ಕೇ ಇಲ್ಲ ಎಂಬುದು ರೋಮಾ ಕುಟುಂಬಗಳ ದೂರು. ಮನೆಮಾತು ಬೇರೆಯಾದ ಮಗು ಮೊದಲ ದಿನಗಳಲ್ಲಿ ತರಗತಿಯಲ್ಲಿ ಬಾಯಿ ಬಿಡದೆ ಕೂರುವುದನ್ನು ನೀವೂ ಕಂಡಿರುತ್ತೀರಿ. ಅದನ್ನು ದಡ್ಡತನ ಎಂದು ಬರೆದುಕೊಂಡರೆ ಮುಗಿಯಿತು. ವಿಶೇಷ ಶಾಲೆಯ ಪಾಠ ಕೆಳಮಟ್ಟದ್ದು. ಅಲ್ಲಿಂದ ಮುಂದೆ ಕೈಕಸುಬಿನ ತರಬೇತಿ ಬಿಟ್ಟರೆ ದಾರಿ ಇರಲಿಲ್ಲ.

ಓಸ್ತ್ರಾವಾದ 18 ಮಕ್ಕಳ ಕಡೆಯವರು ಕೋರ್ಟಿಗೆ ಹೋದರು. ಯುರೋಪಿಯನ್ ರೋಮಾ ರೈಟ್ಸ್ ಸೆಂಟರ್ ಎಂಬ ಸಂಸ್ಥೆ ಬೆನ್ನಿಗೆ ನಿಂತಿತು. 1999ರಲ್ಲಿ ಜೆಕ್ ಸಾಂವಿಧಾನಿಕ ನ್ಯಾಯಾಲಯದಲ್ಲಿ ಸೋಲು. ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ 2006ರಲ್ಲಿ ಸೋಲು. ಬಿಡಲಿಲ್ಲ. 2007ರ ನವೆಂಬರ್ 13ರಂದು ಅದೇ ನ್ಯಾಯಾಲಯದ ದೊಡ್ಡ ಪೀಠ 13–4ರ ಬಹುಮತದಲ್ಲಿ ಅವರ ಪರ ತೀರ್ಪು ಕೊಟ್ಟಿತು. ಡಿ.ಎಚ್. ಮತ್ತು ಇತರರ ಪ್ರಕರಣ ಎಂದು ಹೆಸರಾಗಿರುವುದು ಇದೇ.

ಜೆಕ್ ಸರ್ಕಾರ ಹೂಡಿದ ವಾದವೂ ನಿಮ್ಮದೇ: ಪೋಷಕರು ಒಪ್ಪಿದ್ದಾರೆ. ಕೋರ್ಟು ಆ ಒಪ್ಪಿಗೆ ಪತ್ರಗಳನ್ನು ನೋಡಿತು. ಮೊದಲೇ ಭರ್ತಿ ಮಾಡಿಟ್ಟ ಫಾರಂ. ಬೇರೆ ಯಾವ ಶಾಲೆ ಇದೆ, ಎರಡು ಕಡೆಯ ಪಾಠಕ್ಕೂ ಏನು ವ್ಯತ್ಯಾಸ, ಅದರಲ್ಲಿ ಒಂದಕ್ಷರವೂ ಇಲ್ಲ. ಸಾಮಾನ್ಯ ಶಾಲೆಗೆ ಹಾಕಿದರೆ ಮಗು ಒಂಟಿಯಾಗುತ್ತದೆ, ಹಂಗಿಸಿಕೊಳ್ಳುತ್ತದೆ. ವಿಶೇಷ ಶಾಲೆಯಲ್ಲಾದರೆ ಜೊತೆಗೆ ತಮ್ಮವರೇ ಇರುತ್ತಾರೆ. ಪೋಷಕರ ಈ ಇಕ್ಕಟ್ಟನ್ನು ತೀರ್ಪು ಗಮನಿಸಿದೆ. ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾರತಮ್ಯಕ್ಕೆ ಒಳಗಾಗದಿರುವ ಹಕ್ಕನ್ನು ಸಹಿ ಹಾಕಿ ಬಿಟ್ಟುಕೊಡಲು ಆಗುವುದೇ ಇಲ್ಲ ಎಂದಿತು. ಅಧಿಕಾರಿಗಳ ಮನಸ್ಸಿನಲ್ಲಿ ದ್ವೇಷ ಇತ್ತೆಂದು ಸಾಬೀತು ಮಾಡಬೇಕಾಗಿಲ್ಲ, ಅಂಕಿಗಳು ಇಷ್ಟು ಎದ್ದು ಕಾಣುವಾಗ ಸಮಜಾಯಿಷಿ ಕೊಡುವ ಹೊಣೆ ಸರ್ಕಾರದ್ದು ಎಂದೂ ಹೇಳಿತು. ನನಗೆ ಇಡೀ ತೀರ್ಪಿನ ಜೀವ ಇರುವುದು ಇಲ್ಲೇ ಅನಿಸುತ್ತದೆ. ಊರಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರೂ ನಿಯಮದ ಪ್ರಕಾರವೇ ನಡೆದಿದ್ದಾರೆ, ಆದರೂ ಮಕ್ಕಳು ಎದ್ದು ಕಾಣುವಂತೆ ಎರಡು ಪಾಲಾಗಿದ್ದಾರೆ. ಎಣಿಸದೇ ಇದ್ದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗೆದ್ದು ಏನು ಸಿಕ್ಕಿತು? ತಲಾ 4,000 ಯೂರೋ ಪರಿಹಾರ. ಅಷ್ಟರಲ್ಲಿ ಆ ಮಕ್ಕಳು ಶಾಲೆಯ ವಯಸ್ಸು ದಾಟುತ್ತಿದ್ದರು, ಕೆಲವರು ದಾಟಿಯೇ ಆಗಿತ್ತು. ‘ವಿಶೇಷ ಶಾಲೆ’ ಎಂಬ ಹೆಸರನ್ನು ಜೆಕ್ ಕಾನೂನು 2005ರಲ್ಲೇ ಕೈಬಿಟ್ಟಿತ್ತು, ಆದರೆ ಬಹಳ ಕಡೆ ಬದಲಾಗಿದ್ದು ಬೋರ್ಡ್ ಮಾತ್ರ. ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ನೆರವು ಕೊಟ್ಟು ಓದಿಸುವ ಸುಧಾರಣೆ ಬಂದದ್ದು 2016ರಲ್ಲಿ. ಅದಕ್ಕೂ ವಿರೋಧ ಕಡಿಮೆ ಇರಲಿಲ್ಲ.

ತೀರ್ಪು ಬೇರೆಯವರ ಕೈಗೆ ಸಿಕ್ಕಿದ್ದು ಮಾತ್ರ ನಿಜವಾದ ಲಾಭ. ಅದೇ ದಾರಿ ಹಿಡಿದು ಗ್ರೀಸ್ ವಿರುದ್ಧ 2008ರಲ್ಲಿ, ಕ್ರೊಯೇಷಿಯಾ ವಿರುದ್ಧ 2010ರಲ್ಲಿ, ಹಂಗೇರಿ ವಿರುದ್ಧ 2013ರಲ್ಲಿ ರೋಮಾ ಕುಟುಂಬಗಳು ಗೆದ್ದವು. ಹಂಗೇರಿಯ ಗ್ಯೋಂಗ್ಯೋಶ್‌ಪತಾ ಎಂಬ ಹಳ್ಳಿಯಲ್ಲಿ ರೋಮಾ ಮಕ್ಕಳನ್ನು ವರ್ಷಗಟ್ಟಲೆ ಬೇರೆ ತರಗತಿಯಲ್ಲಿ ಕೂರಿಸಿದ್ದಕ್ಕೆ ಅಲ್ಲಿನ ಕೋರ್ಟೇ ಪರಿಹಾರ ಕೊಡಿ ಎಂದಿತು. ಆಗ ಪ್ರಧಾನಿಯಾಗಿದ್ದ ವಿಕ್ತೋರ್ ಓರ್ಬಾನ್ ಈ ಪರಿಹಾರವೇ ಅನ್ಯಾಯ ಎಂದು ಬಹಿರಂಗವಾಗಿಯೇ ಆಡಿದರು. ಹಣ ಬೇಡ, ಬದಲಿಗೆ ತರಬೇತಿ ಕೊಡೋಣ ಎಂಬ ಮಾತೂ ಬಂತು. 2020ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ಹಣವನ್ನೇ ಕೊಡಿ ಎಂದಿತು.

– ಸಂಪಾದಕ